ನನ್ನ ವಿನಯದ ಕಥೆ

ಪ್ರಾರ್ಥಿಸುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿರೆಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. 1980ರ ಸುಮಾರಿಗೆ ಮುಂಬಯಿಯ ಚಾಳೊಂದರ ಒಂಟಿ ಖೋಲಿಯಲ್ಲಿ ಸಂಸಾರ ಹೂಡಿದ್ದ ನನಗೆ ಇದು ಸಾಧ್ಯವಿರಲಿಲ್ಲ. ಬಾಗಿಲು ಮುಚ್ಚಿದರೆ ಹೆಂಡತಿ, ಮಕ್ಕಳು, ಊರಿನಿಂದ ಬಂದ ಭಾವಮೈದುನ ಎಲ್ಲರೂ ಒಳಗೇ! ಹೀಗಾಗಿ ನನ್ನ ಪ್ರಾರ್ಥನೆಗೆ ಮೊದಲಿನಿಂದಲೂ ಕೇಳುಗರಿದ್ದರು. ನನ್ನ ರೋಗದ ಮೂಲ ಅದೇ ಎಂದು ನೆಪ ಹೇಳಿಕೊಳ್ಳುತ್ತೇನೆ.

ರೋಗವೆಂದರೆ, ಸೊಗಸಾಗಿ ಪ್ರಾರ್ಥಿಸಬಲ್ಲೆನೆಂಬ ಹೆಮ್ಮೆ. ನಮ್ಮ ಕನ್ನಡ ಸಭೆಯ ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತರೆ ಮಾತು ತಾನಾಗಿ ಹರಿಯುತ್ತಿತ್ತು. 'ಆಮೆನ್' ಎಂದು ಕಣ್ಣು ತೆರೆಯುವ ಮೊದಲೇ ಯಾರು ಯಾರು ಮೆಚ್ಚಿರಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಒಮ್ಮೆ ಪಾಠಕ್ಕೆ ಲೂಕನ 18ನೆಯ ಅಧ್ಯಾಯ ಬಂತು. ದೇವಾಲಯಕ್ಕೆ ಇಬ್ಬರು ಹೋಗುತ್ತಾರೆ; ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಫರಿಸಾಯನನ್ನು ನಾವು ಖಳನನ್ನಾಗಿ ಮಾಡಿಬಿಡುತ್ತೇವೆ. ಅದು ಅನ್ಯಾಯ. ಮೋಶೆಯ ಧರ್ಮಶಾಸ್ತ್ರ ವಿಧಿಸಿದ್ದು ವರ್ಷಕ್ಕೊಂದು ಉಪವಾಸ. ಈತ ವಾರಕ್ಕೆರಡು ಮಾಡುತ್ತಿದ್ದ. ಸಂಪಾದಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ. ಇಂಥವರಿಗೇ ಅಲ್ಲವೇ ನಾವು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವುದು? ಸುಂಕದವರೋ, ರೋಮನರ ಪರವಾಗಿ ತಮ್ಮ ಜನರನ್ನೇ ಸುಲಿಯುವವರೆಂದು ಹೆಸರಾದವರು. ಅವನು ದೂರ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ಪಾಪಿಯಾದ ತನ್ನನ್ನು ಕರುಣಿಸೆಂದ, ಅಷ್ಟೆ. ಆದರೂ ನೀತಿವಂತನೆನಿಸಿ ಮನೆಗೆ ಹೋದವನು ಅವನೇ. ಫರಿಸಾಯನ ಮಾತೂ ದೇವರ ಸ್ತೋತ್ರದಿಂದಲೇ ಶುರುವಾಗುತ್ತದೆ. ಓರೆಗಣ್ಣು ಮಾತ್ರ ಪಕ್ಕದವನ ಮೇಲೆ.

ಪಾಠ ಮುಗಿದಾಗ, ಸದ್ಯ, ನಾನು ಆ ಫರಿಸಾಯನಂತಲ್ಲ ಎಂದುಕೊಂಡೆ! ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ.

ಮುಂದಿನ ವಾರ ಸಭಾಪಾಲಕರು ಕರೆದಾಗ, "ಇವತ್ತು ಬೇರೆ ಯಾರಾದರೂ ಮಾಡಲಿ, ಅಯ್ಯನವರೇ" ಎಂದೆ. ಎದ್ದು ನಿಂತವರು ಒಬ್ಬ ಅಜ್ಜಿ. ಅವರ ಮೊಮ್ಮಗ ಆಸ್ಪತ್ರೆಯಲ್ಲಿದ್ದ. "ಸ್ವಾಮೀ, ಮಗುವಿಗೆ ಜ್ವರ ಬಿಟ್ಟಿಲ್ಲ. ನನಗೇನೂ ತೋಚುವುದಿಲ್ಲ" ಎಂದವರೇ ಕುಳಿತುಬಿಟ್ಟರು. ಆಮೆನ್ ಹೇಳಲೂ ಮರೆತರು. ನಾವೇ ಹೇಳಿದೆವು.

ಹೊರಗೆ ಹಿರಿಯರೊಬ್ಬರು ಬೆನ್ನು ತಟ್ಟಿ, "ಅಷ್ಟು ಬಲ್ಲ ನೀವು ಹಿಂದೆ ಸರಿದಿರಲ್ಲ, ಎಂಥ ವಿನಯ!" ಎಂದರು. ನಿಜ ಹೇಳುತ್ತೇನೆ, ಲೋಕಲ್ ಗಾಡಿಯಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕಿದೆ.

ಆ ವಾರ ಮನೆಯಲ್ಲೇ ಉಳಿದಿದ್ದ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಅಜ್ಜಿಯ ಮೊಮ್ಮಗನಿಗೆ ಹೇಗಿದೆಯಂತೆ? ಯಾವ ವಾರ್ಡಿನಲ್ಲಿದ್ದಾನೆ?"

ನಾನು ಕೇಳಿರಲಿಲ್ಲ. ಚಪ್ಪಲಿ ಬಿಚ್ಚದೆ ಮತ್ತೆ ಸ್ಟೇಶನ್ನಿನ ಕಡೆಗೆ ನಡೆದೆ.