ಇನ್ನೊಂದು ಕುರ್ಚಿ

ರಜೆಗೆ ಬಂದಿದ್ದ ತಂಗಿಯ ಮಗಳು, "ದೊಡ್ಡಮ್ಮ, ಸ್ವಲ್ಪ ಹೊತ್ತು ನೀನು ರೋಗಿಯ ಹೆಂಡತಿ ಆಗ್ತೀಯಾ?" ಎಂದಳು. ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಆ ಪಾತ್ರ ನನಗೆ ಹೊಸದೇನಲ್ಲವಲ್ಲ!

ಅವಳು ಓದುತ್ತಿರುವುದು ಎಂ.ಬಿ.ಬಿ.ಎಸ್. ಕೆಟ್ಟ ಸುದ್ದಿ ಹೇಳುವುದೂ ಈಗ ಅವರಿಗೆ ಪಾಠವಂತೆ. 2019ರಲ್ಲಿ ಸೇರಿದವರಿಂದ ಮೊದಲ್ಗೊಂಡು ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳಿಗೆ ನಡತೆ, ನೀತಿ, ಮಾತುಕತೆಯ ಕಲಿಕೆಯೂ ಉಂಟು. ಕ್ಯಾನ್ಸರ್ ವೈದ್ಯ ರಾಬರ್ಟ್ ಬಕ್‌ಮನ್ 1992ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದರು. 2000ದಲ್ಲಿ ವಾಲ್ಟರ್ ಬೈಲ್ ಮತ್ತು ಅವರು, ಇನ್ನೂ ಕೆಲವರೊಡನೆ, 'ಸ್ಪೈಕ್ಸ್' ಎಂಬ ಆರು ಮೆಟ್ಟಿಲಿನ ಕ್ರಮವನ್ನು ಪ್ರಕಟಿಸಿದರು. ಮರೆಯಾದ ಜಾಗದಲ್ಲಿ ಕೂರಿಸು. ಈಗಾಗಲೇ ಏನು ಗೊತ್ತೆಂದು ಕೇಳು. ಎಷ್ಟು ತಿಳಿಯುವ ಇಚ್ಛೆಯೆಂದು ವಿಚಾರಿಸು. ಸರಳವಾಗಿ, ತುಸುತುಸುವೇ ಹೇಳು. ಅತ್ತರೆ ಕಾದು ಸಮಾಧಾನಿಸು. ಕೊನೆಗೆ ಮುಂದಿನ ದಾರಿ ತಿಳಿಸು.

ಹನ್ನೆರಡು ವರ್ಷದ ಹಿಂದೆ ನನಗೆ ಸುದ್ದಿ ಸಿಕ್ಕಿದ್ದು ಆಸ್ಪತ್ರೆಯೊಂದರ ಓಣಿಯಲ್ಲಿ. ಡಾಕ್ಟರು ನಡೆಯುತ್ತಲೇ, ಫೈಲಿನಿಂದ ಕಣ್ಣೆತ್ತದೆ, "ಇನ್ನು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದರು. ಎರಡು ಮಾರು ದೂರದ ಬೆಂಚಿನಲ್ಲಿದ್ದ ನಮ್ಮವರಿಗೂ ಅದು ಕೇಳಿಸಿತ್ತು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವರು ಕಿಟಕಿಯಾಚೆಯೇ ನೋಡುತ್ತಿದ್ದರು. ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಹಾಗೆ ಹೇಳಬೇಕಿತ್ತೆ?

ಹುಡುಗಿ ಮೊಬೈಲು ಬದಿಗಿಟ್ಟು, ಕುರ್ಚಿ ಎಳೆದು ನನ್ನೆದುರು ಕೂತಳು. 'ನೀನು' ಹೋಗಿ 'ನೀವು' ಬಂತು. "ಅಮ್ಮಾ, ಇದುವರೆಗೆ ನಿಮಗೆ ಏನೇನು ಹೇಳಿದ್ದಾರೆ?"

ನನಗೆ ಅಳು ಒತ್ತರಿಸಿ ಬಂತು. ಅವಳು ಗಾಬರಿಯಾದರೂ ಮಾತಾಡದೆ ಕಾದಳು. ಪಾಠ ಚೆನ್ನಾಗಿಯೇ ಆಗಿತ್ತು.

ರಾತ್ರಿ ಮಲಗಿದಾಗ ನೆನಪಾದದ್ದು ಮಾತ್ರ ಡಾಕ್ಟರಲ್ಲ, ನಾನೇ. ಎಷ್ಟೋ ವರ್ಷದ ಹಿಂದೆ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಒಬ್ಬ ತಂದೆಗೆ ಹೇಳಿದ್ದೆ: "ಫೇಲು. ನಿಮ್ಮ ಹುಡುಗಿಗೆ ಗಣಿತ ತಲೆಗೆ ಹತ್ತೋದಿಲ್ಲ." ಅವರನ್ನು ಕೂರಲೂ ಹೇಳಿರಲಿಲ್ಲ. ಹಿಂದೆ ನಿಂತಿದ್ದ ಹುಡುಗಿ ಕಾಲ್ಬೆರಳಿನಿಂದ ನೆಲ ಗೀರುತ್ತಿದ್ದಳು. ಅವಳು ಮತ್ತೆ ಪರೀಕ್ಷೆಗೆ ಕಟ್ಟಲೇ ಇಲ್ಲ.

ಬಿ.ಇಡ್.ನಲ್ಲಿ ನನಗಿದನ್ನು ಯಾರೂ ಕಲಿಸಲಿಲ್ಲ, ನಿಜ. ಆದರೆ ಬಂದವರಿಗೆ ಕುರ್ಚಿ ಕೊಡುವುದನ್ನು ಅಮ್ಮ ಕಲಿಸಿದ್ದಳಲ್ಲ!

ಈ ಸಲ ಫಲಿತಾಂಶದ ದಿನ ಖಾಲಿ ತರಗತಿಯೊಂದರ ಬಾಗಿಲು ತೆರೆಸಿ, ನನ್ನ ಕುರ್ಚಿಯ ಎದುರು ಇನ್ನೆರಡು ಹಾಕಿಸಿದೆ. ಒಂದು ಅಪ್ಪನಿಗೋ ಅಮ್ಮನಿಗೋ, ಇನ್ನೊಂದು ಮಗುವಿಗೆ.