ನಮ್ಮ ಶೇರುವಿಗೆ ಶುಗರ್

ಮೊದಲು ಕಂಡುಹಿಡಿದದ್ದು ಡಾಕ್ಟರ್ ಅಲ್ಲ, ನಮ್ಮ ದಾದಿ. ಜುಲೈ ತಿಂಗಳು, ಶಿವಮೊಗ್ಗದಲ್ಲಿ ಬಿಡದೆ ಮಳೆ. ಬೆಕ್ಕು ಹೊರಗೆ ಹೋಗಲಾರದು ಎಂದು ವರಾಂಡದಲ್ಲಿ ಮರಳು ತುಂಬಿದ ಒಂದು ಟಬ್ ಇಟ್ಟಿದ್ದೆವು. ಒಂದು ಬೆಳಿಗ್ಗೆ ಆ ಟಬ್ಬಿನ ಸುತ್ತ ಇರುವೆಗಳು ಸಾಲುಗಟ್ಟಿದ್ದವು. ದಾದಿ ಬಗ್ಗಿ ನೋಡಿ, "ಇವನಿಗೂ ನನ್ನ ಕಾಯಿಲೆ ಬಂದಿದೆ ಬೇಟಾ" ಎಂದರು. ನಾನು ನಕ್ಕುಬಿಟ್ಟೆ. ಬೆಕ್ಕಿಗೆ ಎಲ್ಲಾದರೂ ಶುಗರ್ ಬರುತ್ತದೆಯೇ?

ನಮ್ಮ ಬೆಕ್ಕಿನ ಹೆಸರು ಶೇರು. ಉರ್ದುವಿನಲ್ಲಿ ಶೇರ್ ಎಂದರೆ ಸಿಂಹ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಬ್ಬಾ ತಾವು ಕೆಲಸ ಮಾಡುವ ಬೇಕರಿಯ ಹಿಂಬದಿಯಿಂದ ತಂದ ಮರಿ. ಈಗ ಅವನಿಗೆ ಒಂಬತ್ತು ವರ್ಷ. ನಮ್ಮ ಕ್ಲಾಸಿನಲ್ಲಿ ಅಕೌಂಟೆನ್ಸಿಯ ಷೇರು ಬಂಡವಾಳದ ಪಾಠ ಶುರುವಾದ ಮೇಲೆ ಗೆಳತಿಯರಿಗೆ ಇದೊಂದು ತಮಾಷೆಯಾಗಿತ್ತು. "ಏನೇ, ನಿನ್ನ ಷೇರು ಇವತ್ತು ಏರಿತಾ, ಬಿತ್ತಾ?" ಎಂದು ಕೇಳುತ್ತಿದ್ದರು.

ನಿಜವಾಗಿಯೂ ಅವನು ಬೀಳುತ್ತಲೇ ಇದ್ದ. ಬಟ್ಟಲಿನ ನೀರು ಸಾಲದೆ ಬಚ್ಚಲುಮನೆಯ ಬಕೆಟ್ಟಿಗೆ ಬಾಯಿ ಹಾಕುತ್ತಿದ್ದ. ಎಷ್ಟು ತಿಂದರೂ ಮತ್ತೆ ಅಮ್ಮಿಯ ಕಾಲು ಸುತ್ತುತ್ತಿದ್ದ. ಆದರೂ ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ಕೊನೆಗೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡು ಮೊಲದ ಹಾಗೆ ನಡೆಯತೊಡಗಿದ. ಕಪಾಟಿನ ಮೇಲೆ ಹಾರುತ್ತಿದ್ದವನು ಮಂಚ ಹತ್ತಲೂ ಯೋಚನೆ ಮಾಡುವಂತಾದ. ಆಗ ನನ್ನ ನಗು ನಿಂತಿತು.

ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ದುಪ್ಪಟ್ಟಾ ಕಟ್ಟಿ, ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಸಕ್ಕರೆ 412 ಬಂತು. ಡಾಕ್ಟರ್ ಮೇಡಂ ತಕ್ಷಣ ಏನೂ ಹೇಳಲಿಲ್ಲ. ಹೆದರಿದ ಬೆಕ್ಕಿನ ಸಕ್ಕರೆ ಗಾಬರಿಯಿಂದಲೇ ಏರಿಬಿಡುತ್ತದಂತೆ. ಅದಕ್ಕೇ ಒಂದು ಅಂಕಿ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಅವರು ಮೂತ್ರವನ್ನೂ ಪರೀಕ್ಷಿಸಿದರು. ಅದರಲ್ಲೂ ಸಕ್ಕರೆ ಇತ್ತು. ನೀರಡಿಕೆ, ತೂಕ ಇಳಿದದ್ದು, ಕಾಲಿನ ನಡಿಗೆ ಎಲ್ಲವನ್ನೂ ಸೇರಿಸಿ ನೋಡಿ, "ಡಯಾಬಿಟಿಸ್" ಎಂದರು. ಮಧುಮೇಹ ಎಂಬ ಪದದಲ್ಲಿ ಮಧು ಎಂದರೆ ಜೇನು, ಮೇಹ ಎಂದರೆ ಮೂತ್ರ. ನಮ್ಮ ವರಾಂಡದ ಇರುವೆಗಳಿಗೆ ಅದು ಮೊದಲೇ ಗೊತ್ತಿತ್ತು.

"ಅಬ್ಬಾ ತರುವ ಬನ್ನು, ರಸ್ಕುಗಳಿಂದಲೇ ಬಂತಾ?" ಎಂದು ಕೇಳಿದೆ. ದಿನಾ ಚಹಾದಲ್ಲಿ ಅದ್ದಿ ಅವನಿಗೆ ತಿನ್ನಿಸುತ್ತಿದ್ದವಳು ನಾನೇ. "ಅದೊಂದೇ ಕಾರಣ ಅಲ್ಲಮ್ಮ. ವಯಸ್ಸಾಗಿದೆ, ಗಂಡು ಬೆಕ್ಕು, ಆಪರೇಷನ್ ಆಗಿದೆ, ಮೊದಲು ಬಹಳ ದಪ್ಪ ಇತ್ತು. ಇಂಥ ಬೆಕ್ಕುಗಳಲ್ಲಿ ಇದು ಹೆಚ್ಚು. ಆದರೆ ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಇನ್ನು ಮೇಲೆ ಬನ್ನು, ಅನ್ನ, ಬಿಸ್ಕತ್ತು ಬೇಡ" ಎಂದರು. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕದೆ ಬೇಯಿಸಿದ ಕೋಳಿ ಕೊಡಬಹುದು. ಬರೀ ಕೋಳಿಯಲ್ಲಿ ಎಲ್ಲ ಪೋಷಕಾಂಶ ಸಿಗುವುದಿಲ್ಲವಾದ್ದರಿಂದ ಬೆಕ್ಕಿನ ಹಸಿ ಆಹಾರದ ಪೊಟ್ಟಣವೂ ಬೇಕು. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ, ಊಟ ಆದ ಮೇಲೆ ಒಂದು ಯೂನಿಟ್ ಇನ್ಸುಲಿನ್. ಹೊರಡುವಾಗ ಅವರು ಹೇಳಿದ ಒಂದು ಮಾತನ್ನು ನಾನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ. ಒಂದು ಹೊತ್ತು ತಪ್ಪಿದರೆ ದೊಡ್ಡ ಅಪಾಯವಿಲ್ಲ, ಆದರೆ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಅನುಮಾನ ಬಂದರೆ ಹಾಕಬೇಡಿ.

ಅಂದು ರಾತ್ರಿ ಮನೆಯಲ್ಲಿ ಲೆಕ್ಕ ನಡೆಯಿತು. ಒಂದು ಕಾರ್ಟ್ರಿಜ್‌ನಲ್ಲಿ 3 ಮಿಲಿಲೀಟರ್, ಅಂದರೆ 300 ಯೂನಿಟ್ ಇನ್ಸುಲಿನ್. ಶೇರುವಿಗೆ ದಿನಕ್ಕೆ ಎರಡೇ ಯೂನಿಟ್. ಹಾಗಾದರೆ 150 ದಿನ ಬಂತಲ್ಲ ಎಂದು ನಾನು ಖುಷಿಪಟ್ಟೆ. ಪೊಟ್ಟಣದ ಮೇಲೆ ನೋಡಿದರೆ, ತೆರೆದ ಮೇಲೆ 28 ದಿನ ಮಾತ್ರ ಎಂದಿತ್ತು. ಅಂದರೆ 56 ಯೂನಿಟ್ ಬೆಕ್ಕಿಗೆ, 244 ಯೂನಿಟ್ ನಷ್ಟ. ನಾನು ಹಾಳೆಯನ್ನು ಅಬ್ಬಾ ಮುಂದೆ ಇಟ್ಟು ಸುಮ್ಮನೆ ಕುಳಿತೆ. ನನ್ನ ಕಾಲೇಜು ಫೀಸಿನ ಎರಡನೇ ಕಂತು ಇನ್ನೂ ಕಟ್ಟಿರಲಿಲ್ಲ. ಮನೆಗೆ ಬಂದಿದ್ದ ಚಾಚಾ, "ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ, ಹೇಗೋ ಬದುಕಿಕೊಳ್ಳುತ್ತೆ" ಎಂದರು. ಅವರು ಕೆಟ್ಟವರಲ್ಲ, ನಮ್ಮ ಪರಿಸ್ಥಿತಿ ಗೊತ್ತಿದ್ದೇ ಹೇಳಿದ್ದು.

ಅಬ್ಬಾ ಇಶಾ ನಮಾಜಿಗೆ ಹೋಗಿ ಬಂದರು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಲು ಬಿಟ್ಟ ಹೆಂಗಸಿನ ಹದೀಸು ನಮ್ಮ ಕಾಲೇಜಿನಲ್ಲಿ ಬಹಳ ಜನರಿಗೆ ಗೊತ್ತು. ಅಬ್ಬಾ ಅದನ್ನೇ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. "ಒಂಬತ್ತು ವರ್ಷ ಈ ಮನೆಯ ಇಲಿ ಹಿಡಿದಿದ್ದಾನೆ. ಒಂದು ತಿಂಗಳಾದರೂ ಸಂಬಳ ಕೊಟ್ಟಿದ್ದೇವಾ? ಈಗ ಕೊಡೋಣ." ಲೆಕ್ಕ ಅಲ್ಲಿಗೆ ಮುಗಿಯಿತು.

ಔಷಧವೇನೋ ಬಂತು. ಸೂಜಿ ಹಿಡಿದರೆ ನನ್ನ ಕೈ ನಡುಗುತ್ತಿತ್ತು. ಅಮ್ಮಿ ಮುಖ ತಿರುಗಿಸಿಕೊಂಡರು. ಆಗ ದಾದಿ ತಮ್ಮ ಕೋಣೆಯಿಂದ ಕರೆದು, "ಇಲ್ಲಿ ಬಾ. ಮೊದಲು ನನಗೆ ಹಾಕು. ನಾನು ಓಡಿಹೋಗೋದಿಲ್ಲ, ಪರಚೋದೂ ಇಲ್ಲ" ಎಂದರು.

ದಾದಿಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಫ್ರಿಜ್ಜಿನ ಬಾಗಿಲಿನಲ್ಲಿ ಅವರ ಬಾಟಲಿ ಇರುತ್ತದೆ ಎಂದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನನಗೆ ಏನೂ ಗೊತ್ತಿರಲಿಲ್ಲ. ಅಂದು ಮೊದಲ ಸಲ ಅವರ ಹೊಟ್ಟೆಯ ಚರ್ಮ ನೋಡಿದೆ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಅಲ್ಲಲ್ಲಿ ಗಟ್ಟಿಯಾದ ಗಂಟುಗಳು. ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುವುದು, ಗುಳ್ಳೆ ತೆಗೆಯುವುದು, ಚರ್ಮ ಹಿಡಿದೆತ್ತುವುದು, ದಿನಾ ಒಂದೇ ಜಾಗಕ್ಕೆ ಚುಚ್ಚದಿರುವುದು ಎಲ್ಲವನ್ನೂ ಅವರು ಹೇಳಿಕೊಟ್ಟರು. ಚುಚ್ಚಿದ ಮೇಲೆ ನಾನು, "ನೋವಾಯಿತಾ ದಾದಿ?" ಎಂದೆ. ಅವರು ಸೆರಗು ಸರಿಮಾಡಿಕೊಳ್ಳುತ್ತಾ, "ಆರು ವರ್ಷದಲ್ಲಿ ಈ ಮನೆಯಲ್ಲಿ ಇದನ್ನು ಕೇಳಿದ್ದು ನೀನೇ ಮೊದಲು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಬೆಕ್ಕಿನ ಕಾಯಿಲೆಗೆ ಎರಡು ರಾತ್ರಿ ಅತ್ತಿದ್ದೆ.

ದಾದಿಗೆ ಒಂದು ಸಂಶಯ ಬಹಳ ಕಾಲದಿಂದ ಇತ್ತು. ಇನ್ಸುಲಿನ್ ಹಂದಿಯಿಂದ ತೆಗೆಯುತ್ತಾರಂತೆ, ನಿಜವೇ ಎಂದು. ಡಾಕ್ಟರನ್ನು ಕೇಳಲು ಸಂಕೋಚ. ನಾನು ನಮ್ಮ ಕಾಲೇಜಿನ ಬಯಾಲಜಿ ಮೇಡಂ ಬಳಿ ಕೇಳಿದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಕಂಡುಹಿಡಿದರು. ಆಮೇಲೆ ಬಹಳ ವರ್ಷ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. 1982ರಿಂದ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಮೇಡಂ ಬಾಟಲಿಯ ಚೀಟಿಯ ಫೋಟೋ ತರಿಸಿಕೊಂಡು ನೋಡಿ, ದಾದಿಯದೂ ಇಂಥದ್ದೇ ಎಂದರು. ಇದನ್ನು ಹೇಳಿದಾಗ ದಾದಿ ನಿಟ್ಟುಸಿರು ಬಿಟ್ಟು, "ಆರು ವರ್ಷ ಮನಸ್ಸಿನಲ್ಲಿ ತೌಬಾ ಮಾಡಿಕೊಂಡೇ ಚುಚ್ಚಿಕೊಳ್ಳುತ್ತಿದ್ದೆ" ಎಂದರು. ಒಂದೇ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಇದ್ದೂ ಆ ಮುದುಕಿ ಇಷ್ಟು ವರ್ಷ ಆ ಭಾರ ಹೊತ್ತಿದ್ದರು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಆಗಸ್ಟಿನ ಒಂದು ಭಾನುವಾರ ಸಂಜೆ ಶೇರುವಿನ ಸಿರಿಂಜುಗಳು ಮುಗಿದಿದ್ದವು. ದಾದಿಯ ಡಬ್ಬಿಯಿಂದ ಒಂದು ಹೊಸ ಸಿರಿಂಜ್ ತೆಗೆದುಕೊಂಡು ಒಂದು ಗೆರೆಯಷ್ಟು ಔಷಧ ಎಳೆದು ಚುಚ್ಚಿದೆ. ಅವನು ಅಂದು ಅರ್ಧ ಊಟ ಬಿಟ್ಟಿದ್ದ. ಅದನ್ನೂ ನಾನು ಗಮನಿಸಲಿಲ್ಲ. ಮರುದಿನ ಟೆಸ್ಟ್ ಇತ್ತು, ಓದಲು ಕುಳಿತೆ. ಹತ್ತು ಗಂಟೆಯ ಹೊತ್ತಿಗೆ ಶೇರು ಕುಡಿದವನಂತೆ ಓಲಾಡುತ್ತಾ ಬಂದು ಗೋಡೆಗೆ ಒರಗಿ ಬಿದ್ದ. ಕಣ್ಣು ತೆರೆದಿತ್ತು, ಕರೆದರೆ ನೋಡುತ್ತಿರಲಿಲ್ಲ.

ನಾನು ಕಿರುಚಿದೆ. ದಾದಿ ಮಾತ್ರ ಗಾಬರಿಯಾಗಲಿಲ್ಲ. "ಸಕ್ಕರೆ ಇಳಿದಿದೆ, ನನಗೂ ಹೀಗೇ ಆಗುತ್ತೆ. ಜೇನು ತಾ" ಎಂದರು. ಗಂಟಲಿಗೆ ಸುರಿಯದೆ, ಬೆರಳಿನಿಂದ ಒಸಡಿಗೆ ಸ್ವಲ್ಪ ಸ್ವಲ್ಪವೇ ಸವರಿದೆವು. ಅಬ್ಬಾ ಡಾಕ್ಟರ್ ಮೇಡಂಗೆ ಫೋನ್ ಮಾಡಿದರು. ಜೇನು ಸವರುತ್ತಿರಿ, ಎದ್ದ ಕೂಡಲೇ ಊಟ ಕೊಡಿ, ರಾತ್ರಿಯೆಲ್ಲ ನೋಡುತ್ತಿರಿ, ಬೆಳಿಗ್ಗೆಯ ಇನ್ಸುಲಿನ್ ಹಾಕದೆ ಕರೆದುಕೊಂಡು ಬನ್ನಿ ಎಂದರು. ಸುಮಾರು ಕಾಲು ಗಂಟೆಯ ಮೇಲೆ ಅವನು ತಲೆ ಎತ್ತಿ ನನ್ನ ಬೆರಳು ನೆಕ್ಕಿದ. ಅಂದು ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ.

ತಪ್ಪು ಎಲ್ಲಿ ಆಯಿತು ಎಂಬುದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತಿಳಿಯಿತು. ದಾದಿಯ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಶೇರುವಿನದು ಮಿಲಿಲೀಟರಿಗೆ 100 ಯೂನಿಟ್‌ನದು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಕೆಂಪು ಮುಚ್ಚಳದ ಸಿರಿಂಜಿನ ಒಂದು ಗೆರೆ ಎಂದರೆ ಮಿಲಿಲೀಟರಿನ 40ನೇ ಒಂದು ಭಾಗ. ಅಷ್ಟು ಜಾಗದಲ್ಲಿ ಶೇರುವಿನ ಔಷಧ ಎಳೆದರೆ ಒಂದಲ್ಲ, ಎರಡೂವರೆ ಯೂನಿಟ್ ಬರುತ್ತದೆ. 100ನ್ನು 40ರಿಂದ ಭಾಗಿಸುವ ಲೆಕ್ಕ ಅಷ್ಟೆ. ಏಳನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ವಾಣಿಜ್ಯ ಓದುವ ನಾನು ಗೆರೆಯನ್ನು ನೋಡಿದೆನೇ ಹೊರತು ಆ ಗೆರೆ ಯಾವ ಅಳತೆಯದು ಎಂದು ನೋಡಲಿಲ್ಲ. ಮೇಡಂ ಬೈಯಲಿಲ್ಲ. "ಮನುಷ್ಯರ ವಿಷಯದಲ್ಲೂ ಈ ತಪ್ಪು ಆಗುತ್ತೆ. ಬಾಟಲಿ, ಸಿರಿಂಜ್ ಎರಡನ್ನೂ ಜೋರಾಗಿ ಓದಿಕೊಂಡು ಆಮೇಲೆ ಎಳೆಯಿರಿ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನಾನು ಬಾಟಲಿಯ ಮೇಲಿನ ಅಂಕಿಯನ್ನು ಜೋರಾಗಿ ಓದುತ್ತೇನೆ, ದಾದಿ ಸಿರಿಂಜಿನ ಮುಚ್ಚಳದ ಬಣ್ಣ ಹೇಳುತ್ತಾರೆ. ಆಮೇಲೆ ಕೈ ಬದಲಾಗುತ್ತದೆ. ಅವರ ಬಾಟಲಿ, ನನ್ನ ಕಣ್ಣು. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಿದ್ದೇನೆ. ಎಡಕ್ಕೆ ಶೇರು, ಬಲಕ್ಕೆ ದಾದಿ. ಊಟ, ಯೂನಿಟ್, ಗ್ಲೂಕೋಮೀಟರಿನ ಅಂಕಿ. ಶೇರುವಿನ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ಸಾಕು. ಅವನಿಗೆ ಅದರ ನಂತರ ಒಂದು ಕೋಳಿ ತುಂಡು ಸಿಗುತ್ತದೆ, ಆದ್ದರಿಂದ ತಕರಾರಿಲ್ಲ. ದಾದಿಯೂ, "ನನಗೇನು ಸಿಗುತ್ತೆ?" ಎಂದು ಕೇಳುತ್ತಾರೆ.

ಈಗ ನಾಲ್ಕು ತಿಂಗಳಾಯಿತು. ಶೇರುವಿನ ಬೆನ್ನಿನ ಮೂಳೆ ಮುಚ್ಚಿದೆ. ಹಿಂಗಾಲು ಪೂರ್ತಿ ಸರಿಹೋಗಿಲ್ಲ, ಆದರೆ ಮಂಚ ಹತ್ತುತ್ತಾನೆ. ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಡವಾಗುವುದೂ ಉಂಟಂತೆ. ನಮ್ಮವನಿಗೆ ಹಾಗಾಗುತ್ತದೆ ಎಂದು ಮೇಡಂ ಮಾತು ಕೊಟ್ಟಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಮೊದಲು, ಪ್ರೀತಿ ಇದ್ದರೆ ಎಲ್ಲ ಗುಣವಾಗುತ್ತದೆ ಎಂದುಕೊಂಡಿದ್ದೆ. ಆ ಭಾನುವಾರವೂ ನನ್ನಲ್ಲಿ ಪ್ರೀತಿ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಗಮನ.

ನವೆಂಬರ್ 14ರಂದು ನಾವು ಮಕ್ಕಳ ದಿನಾಚರಣೆ ಮಾಡುತ್ತೇವೆ. ಅದು ವಿಶ್ವ ಮಧುಮೇಹ ದಿನವೂ ಹೌದು, ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಹುಟ್ಟಿದ ದಿನ. ಗೆಳೆಯರೇ, ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಲ್ಲೂ ಇಂಥ ಒಂದು ಬಾಟಲಿ ಇರಬಹುದು. ಅದು ಯಾರದು ಎಂದು ನಿಮಗೆ ಗೊತ್ತಿರುತ್ತದೆ. ಒಂದು ದಿನ ಅವರ ಪಕ್ಕ ಕುಳಿತು, ನೋವಾಗುತ್ತಾ ಎಂದು ಕೇಳಿ. ನಾನು ಅದನ್ನು ಕೇಳಲು ಆರು ವರ್ಷ ಮತ್ತು ಒಂದು ಬೆಕ್ಕು ಬೇಕಾಯಿತು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ