ಹತ್ತುಮೀನಿನ ಕಾಲ

ಜೂನ್ ತಿಂಗಳ ಜಡಿಮಳೆಗೆ ಫರಂಗಿಪೇಟೆಯ ಬಳಿ ನೇತ್ರಾವತಿ ಕೆಂಪಾಗಿ ಉಕ್ಕುತ್ತಿದ್ದಂತೆ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರತೊಡಗುತ್ತವೆ. ಮೊಟ್ಟೆಯಿಡಲು ಬರುವ ಈ ಹತ್ತುಮೀನುಗಳಿಗಾಗಿ ಟಾರ್ಚು, ಕತ್ತಿ, ಬಲೆಗಳೊಡನೆ ರಾತ್ರಿಯಿಡೀ ಕಾಯುವ ಸಂಭ್ರಮವನ್ನು ನೀವು ಬಲ್ಲಿರಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಕಡಲಿನ ಮೀನಿಗೆ ದೊರೆತ ಈ 61 ದಿನಗಳ ಬಿಡುವು ಗದ್ದೆಗೇರಿದ ಬಸುರಿ ಮೀನಿಗೇಕೆ ಬೇಡ? ಬಡವನ ಗಂಜಿಗೆ ಒಂದೆರಡು ಮೀನು ಒದಗಿದರೆ ನನ್ನ ಆಕ್ಷೇಪವಿಲ್ಲ. ಗೋಣಿಚೀಲ ತುಂಬಿಸುವವರನ್ನು ಕುರಿತು ಹೇಳುತ್ತಿದ್ದೇನೆ.

ಅಮೆರಿಕದ ಸರೋವರಗಳಲ್ಲಿ ಗಾಳ ಹಾಕುವವರಿಗೆ ಬಲು ಪ್ರಿಯವಾದ ಪಟ್ಟೆ ಬಾಸ್ ಎಂಬ ಮೀನೂ ಹರಿಯುವ ಹೊಳೆಯಲ್ಲೇ ಮೊಟ್ಟೆಯಿಡುತ್ತದೆ. ಮರಿಯಾಗುವತನಕ ಆ ಮೊಟ್ಟೆಗಳು ಪ್ರವಾಹದಲ್ಲಿ ತೇಲುತ್ತಿರಬೇಕು. ನಿಂತ ನೀರಿನಲ್ಲಿ ತಳ ಸೇರಿ ಸಾಯುತ್ತವೆ. ಆದುದರಿಂದ ಅಲ್ಲಿನ ಬಹುತೇಕ ಸರೋವರಗಳಿಗೆ ಆ ಮೀನನ್ನೂ, ಬಿಳಿ ಬಾಸ್‌ನೊಡನೆ ಕೂಡಿಸಿದ ಅದರ ಮಿಶ್ರತಳಿಯನ್ನೂ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬೆಳೆಸಿ ತಂದು ಬಿಡುತ್ತಾರೆ. ನಮ್ಮ ತೋಡಿನ ಮುಗುಡಿಗೆ ಅಂಥ ಸಾಕುತಾಯಿ ಎಲ್ಲಿ? ಮಳೆಯ ಆ ಕೆಲವು ರಾತ್ರಿಗಳೇ ಅದರ ತೊಟ್ಟಿಲು.

ಗೂಡಿನಲ್ಲಿರುವ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂಬ ವಿಧಿಯೊಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ನಮ್ಮ ಅಡುಗೆಮನೆಗಳಲ್ಲಾದರೋ ಮೊಟ್ಟೆ ತುಂಬಿದ ಮೀನಿಗೇ ಹೆಚ್ಚಿನ ಸ್ವಾಗತ! ಬರುವ ಮಳೆಗಾಲದಲ್ಲಿ ಮಕ್ಕಳು ಬಲೆ ಹಿಡಿದು ಹೊರಟಾಗ, "ಹೊಟ್ಟೆ ಉಬ್ಬಿದ್ದನ್ನು ಅಲ್ಲೇ ಬಿಟ್ಟು ಬನ್ನಿ ಮಕ್ಕಳೇ" ಎಂದು ಮನೆಯ ಹಿರಿಯರು ಹೇಳಿಯಾರೇ?